ಸ್ಪಷ್ಟನೆ: ಎಚ್‌ಎಂಪಿವಿ ಹೊಸ ವೈರಸ್ ಅಲ್ಲ, ಲಾಕ್‌ಡೌನ್ ಸುದ್ದಿ ಸುಳ್ಳು

'ಚೀನಾದ ಹೊಸ ವೈರಸ್ ಬೆಂಗಳೂರಿಗೂ ಬಂತು, ಇನ್ನು ಲಾಕ್‌ಡೌನ್ ಖಚಿತ' ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತ್ತು. ಅದು ಹೇಳಿದ್ದು ಎಚ್‌ಎಂಪಿವಿ, ಅಂದರೆ ಉಸಿರಾಟದ ಸೋಂಕು ತರುವ ಹ್ಯೂಮನ್ ಮೆಟಾನ್ಯೂಮೊವೈರಸ್ ಬಗ್ಗೆ. ಆ ಸಂದೇಶ ತಪ್ಪು.

ಬೆಂಗಳೂರಿನ ಎರಡು ಶಿಶುಗಳಲ್ಲಿ ಎಚ್‌ಎಂಪಿವಿ ಇರುವುದು 2025ರ ಜನವರಿ 6ರಂದು ದೃಢಪಟ್ಟಿದ್ದು ನಿಜ. ಒಂದು ಮೂರು ತಿಂಗಳ ಕೂಸು, ಇನ್ನೊಂದು ಎಂಟು ತಿಂಗಳದ್ದು. ಎರಡೂ ವಿದೇಶಕ್ಕೆ ಹೋಗಿ ಬಂದವಲ್ಲ. ಮೊದಲನೆಯದು ಅಷ್ಟರಲ್ಲೇ ಆಸ್ಪತ್ರೆಯಿಂದ ಮನೆಗೆ ಹೋಗಿತ್ತು, ಎರಡನೆಯದು ಚೇತರಿಸಿಕೊಳ್ಳುತ್ತಿತ್ತು. ಸಂದೇಶ ಹಂಚಿದವರು ಈ ಮಾತನ್ನೇ ಬಿಟ್ಟಿದ್ದು ನೋವಿನ ಸಂಗತಿ.

ನೆದರ್ಲೆಂಡ್ಸ್‌ನ ವಿಜ್ಞಾನಿಗಳು 2001ರಲ್ಲೇ ಗುರುತಿಸಿದ ವೈರಸ್ ಇದು. ಭಾರತದಲ್ಲೂ ವರ್ಷಗಳಿಂದ ಇದೆ. ಹೆಚ್ಚಿನವರಿಗೆ ಶೀತ, ಕೆಮ್ಮು, ಜ್ವರ ತಂದು ತಾನಾಗಿ ಇಳಿಯುತ್ತದೆ. ಎಳೆಗೂಸುಗಳು ಮತ್ತು ವಯಸ್ಸಾದವರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಉಸಿರಾಟ ಕಷ್ಟವಾದರೆ, ಮಗು ಹಾಲು ಕುಡಿಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

2020–21ರಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ 'ವೈರಸ್' ಎಂಬ ಪದ ಕೇಳಿದರೇ ಎದೆ ಝಲ್ಲೆನ್ನುತ್ತದೆ. ಆ ಭಯ ಸಹಜ. ನಿದ್ದೆ ಹತ್ತದಷ್ಟು ದಿಗಿಲಾದರೆ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.