ಕ್ಷೇಮವಾ ಅಂತ ಕೇಳಿ, ಯಾಕೆ ಅಂತ ಕೇಳಬೇಡಿ

ಜೊತೆಯಲ್ಲಿ ದಿನಾ ಓಡಾಡುವವರೊಬ್ಬರು ಹೇಳದೆ ಕೇಳದೆ ಬರುವುದು ನಿಲ್ಲಿಸಿದರೆ, ಅವರು ಕ್ಷೇಮವಾಗಿದ್ದಾರಾ ಅಂತ ತಿಳಿದುಕೊಳ್ಳುವುದು ನಮ್ಮ ಕೆಲಸ. ಎಲ್ಲಿಗೆ ಹೋಗಿದ್ದರು, ಯಾಕೆ ಹೋಗಿದ್ದರು ಅನ್ನುವುದು ಅವರ ಸ್ವಂತ ವಿಷಯ. ಇಷ್ಟು ಹೇಳೋಕೆ ಉದ್ದದ ಪೋಸ್ಟ್ ಬೇಕಿರಲಿಲ್ಲ. ಆದರೆ ನಮ್ಮ ವಾಕಿಂಗ್ ಬಳಗದಲ್ಲಿ ನಡೆದಿದ್ದು ಇದರ ಪೂರ್ತಿ ಉಲ್ಟಾ. ಮೊದಲನೆಯದಕ್ಕೆ ಯಾರೂ ಬೇಗ ಏಳಲಿಲ್ಲ, ಎರಡನೆಯದನ್ನು ಎಲ್ಲರೂ ಉತ್ಸಾಹದಿಂದ ಮಾಡಿದರು. ಅದಕ್ಕೇ ಬರೀತಿದೀನಿ. ಬಳಗದವರೂ ಇದನ್ನು ಓದ್ತಾರೆ ಅಂತ ಗೊತ್ತು. ಓದಲಿ.

ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಬಗ್ಗೆ ಹೇಳಬೇಕಿಲ್ಲ. ಬೇರೆಯವರಿಗಾಗಿ: ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಒಂದು ಕಡೆ ಮಾನಸಗಂಗೋತ್ರಿ, ಇನ್ನೊಂದು ಕಡೆ ಸರಸ್ವತಿಪುರಂ. ಕುವೆಂಪು ಓಡಾಡಿದ ದಾರಿ ಅಂತ ಹೊಸಬರಿಗೆ ಹೆಮ್ಮೆಯಿಂದ ತೋರಿಸ್ತೀವಿ. ಬೆಳಿಗ್ಗೆ ಹೋದರೆ ಹೆಜ್ಜಾರ್ಲೆಗಳು ಸಿಗುತ್ತವೆ, ಕ್ಯಾಮೆರಾ ಹಿಡಿದ ಹುಡುಗರು ಸಿಗುತ್ತಾರೆ, ಆಮೇಲೆ ನಮ್ಮಂಥ ಗುಂಪುಗಳು. ರಿಟೈರ್ ಆದವರು, ಆಗಲಿರುವವರು, ಸಕ್ಕರೆ ಕಾಯಿಲೆಯವರು, ಡಾಕ್ಟರ್ ಹೇಳಿದ್ದಕ್ಕೆ ಬಂದು ಮಾತಿಗಾಗಿ ಉಳಿದವರು. ಒಂದು ಸುತ್ತು ನಡಿಗೆ, ಅರ್ಧ ಸುತ್ತು ರಾಜಕೀಯ, ಕೊನೆಗೆ ಕಾಫಿ. ನಮ್ಮದೂ ಅಂಥದ್ದೇ. ವಾಟ್ಸಾಪ್ ಗ್ರೂಪ್ ಕೂಡ ಇದೆ, ಅದರಲ್ಲಿ ಗುಲಾಬಿ ಹೂವಿನ ಮೇಲೆ ಶುಭೋದಯ ಅಂತ ಬರೆದು ಕಳಿಸುವವರು ಒಬ್ಬರಲ್ಲ, ನಾಲ್ಕು ಜನ.

ಆ ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಗೇಟಿನ ಹತ್ತಿರ ಬಂದು ನಿಲ್ಲುವವರು ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು, ಹೆಂಡತಿ ತೀರಿಕೊಂಡಿದ್ದಾರೆ, ಒಬ್ಬರೇ ಇರುತ್ತಾರೆ. ಜಾಸ್ತಿ ಮಾತಾಡಲ್ಲ, ಆದರೆ ಯಾರಾದರೂ ತಪ್ಪು ಲೆಕ್ಕ ಹೇಳಿದರೆ ಬಿಡಲ್ಲ. ಅವರು ಒಂದು ಸೋಮವಾರ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರಕ್ಕೆ ಕಥೆಗಳು ಶುರುವಾದವು.

ಮೊದಲನೇ ಕಥೆ, ಮಗ ಅಮೆರಿಕಕ್ಕೆ ಕರೆಸಿಕೊಂಡಿದ್ದಾನೆ. ಮಗ ಇರುವುದು ಪುಣೆಯಲ್ಲಿ, ಆದರೂ ಅಮೆರಿಕ ಅಂದರು, ನಮ್ಮ ಕಡೆ ದೂರದಲ್ಲಿರುವ ಮಗ ಅಂದರೆ ಅಮೆರಿಕವೇ. ಎರಡನೇ ಕಥೆ, ಹೋದ ವಾರ ಪಿಂಚಣಿ ವಿಷಯಕ್ಕೆ ನಮ್ಮ ಗುಂಪಿನಲ್ಲೇ ಇರುವ ಬ್ಯಾಂಕಿನವರ ಜೊತೆ ಮಾತಿಗೆ ಮಾತು ಬೆಳೆದಿತ್ತಲ್ಲ, ಅದಕ್ಕೇ ಮುನಿಸಿಕೊಂಡಿದ್ದಾರೆ. ಇದನ್ನು ಹೇಳಿದವರು ಬ್ಯಾಂಕಿನವರೇ, ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ತಮ್ಮ ಮಾತಿಗೆ ಒಬ್ಬರು ಊರು ಬಿಡುವಷ್ಟು ತೂಕ ಇದೆ ಅನ್ನೋ ಹಾಗೆ. ಮೂರನೇದು ತಮಾಷೆ: ಕಾಫಿ ದುಡ್ಡು ಕೊಡುವ ಸರದಿ ಮೇಷ್ಟ್ರದ್ದಿತ್ತು, ತಪ್ಪಿಸಿಕೊಂಡರು. ಎಲ್ಲರೂ ನಕ್ಕರು. ಮೊದಲ ದಿನ ಅದು ನಗುವ ಮಾತೇ. ಆದರೆ ವಾರ ಕಳೆದರೂ ಅದೇ ತಮಾಷೆ ಓಡುತ್ತಿತ್ತು ನೋಡಿ, ಅಷ್ಟೊತ್ತಿಗೆ ಅದು ಹಳಸಿದ ಚಿತ್ರಾನ್ನ ಆಗಿತ್ತು.

ಗುಂಪಿನಲ್ಲಿ ಪತ್ತೇದಾರರೂ ಇದ್ದಾರೆ. ಮೇಷ್ಟ್ರಿಗೆ ಕಳಿಸಿದ ಮೆಸೇಜಿಗೆ ಒಂದೇ ಟಿಕ್ ಬಂದಿದೆ, ಅಂದರೆ ಬ್ಲಾಕ್ ಮಾಡಿದ್ದಾರೆ ಅಂತ ಒಬ್ಬರು ತೀರ್ಪು ಕೊಟ್ಟರು. ಒಂದು ಟಿಕ್ ಅಂದರೆ ಮೆಸೇಜು ನಮ್ಮ ಫೋನಿನಿಂದ ಹೋಗಿದೆ, ಅವರ ಫೋನಿಗೆ ಇನ್ನೂ ತಲುಪಿಲ್ಲ, ಅಷ್ಟೇ. ಫೋನ್ ಆಫ್ ಆಗಿರಬಹುದು, ನೆಟ್ ಖಾಲಿ ಆಗಿರಬಹುದು, ನೀರಿಗೆ ಬಿದ್ದಿರಬಹುದು. ಬ್ಲಾಕ್ ಆಗಿದ್ದರೂ ಒಂದೇ ಟಿಕ್ ಬರುತ್ತದೆ, ಆದರೆ ಒಂದು ಟಿಕ್ ಬಂದದ್ದಕ್ಕೆಲ್ಲ ಬ್ಲಾಕ್ ಕಾರಣ ಅಲ್ಲ. (ಇದನ್ನು ಮೇಷ್ಟ್ರೇ ಇದ್ದಿದ್ದರೆ ಬೋರ್ಡ್ ಮೇಲೆ ಬರೆದು ಬಿಡಿಸಿ ಹೇಳುತ್ತಿದ್ದರು.) ಇನ್ನೊಬ್ಬರು, ಲಾಸ್ಟ್ ಸೀನ್ ಕಾಣ್ತಿಲ್ಲ, ಮುಚ್ಚಿಟ್ಟಿದ್ದಾರೆ ಅಂದರು. ಅದನ್ನು ಯಾರು ಬೇಕಾದರೂ ಮುಚ್ಚಿಡಬಹುದು, 2022ರಿಂದ ಆನ್‌ಲೈನ್ ಇದ್ದಾರಾ ಅನ್ನುವುದನ್ನೂ ಮುಚ್ಚಿಡಬಹುದು, ಗ್ರೂಪಿನಿಂದ ಸದ್ದಿಲ್ಲದೆ ಹೊರಗೆ ಹೋಗಬಹುದು, ಅಡ್ಮಿನ್‌ಗೆ ಮಾತ್ರ ಗೊತ್ತಾಗುತ್ತದೆ. ಯಾಕೆ ಇಂಥ ಸೌಲಭ್ಯ ಕೊಟ್ಟಿದ್ದಾರೆ? ನಮ್ಮಂಥವರು ಒಂದು ಟಿಕ್ ನೋಡಿ ಕಾದಂಬರಿ ಬರೀತೀವಿ ಅಂತಲೇ.

ನನಗೆ ಸಿಟ್ಟು ಬಂದಿದ್ದು ಕಥೆಗಳಿಗಲ್ಲ. ಕಥೆ ಹೇಳದಿದ್ದರೆ ನಡಿಗೆ ಸಾಗಲ್ಲ. ಸಿಟ್ಟು ಬಂದಿದ್ದು, ಹೋಗಿ ನೋಡೋಣ ಅಂದಾಗ ಗೊತ್ತಾದ ವಿಷಯಕ್ಕೆ. ಮೇಷ್ಟ್ರ ಮನೆ ಎಲ್ಲಿದೆ ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ! ಸರಸ್ವತಿಪುರಂ ಅಂತ ಗೊತ್ತು. ಎಷ್ಟನೇ ಮೇನ್? ಒಬ್ಬರು ಐದು ಅಂದರು, ಒಬ್ಬರು ಏಳು. ಅವರ ಶುಗರ್ ಎಷ್ಟು ಅಂತ ಎಲ್ಲರಿಗೂ ಬಾಯಿಪಾಠ. ಊಟಕ್ಕೆ ಮುಂಚೆ ಇಷ್ಟು, ಊಟ ಆದ ಮೇಲೆ ಇಷ್ಟು. ಯಾವ ಮಂಡಿ ನೋವು, ಯಾವ ಎಣ್ಣೆ ಹಚ್ಚುತ್ತಾರೆ, ಯಾವ ಪಕ್ಷಕ್ಕೆ ಓಟು ಹಾಕಿರಬಹುದು, ಎಲ್ಲ ಗೊತ್ತು. ಮನೆ ನಂಬರ್ ಗೊತ್ತಿಲ್ಲ, ಮಗನ ಫೋನ್ ನಂಬರ್ ಯಾರ ಹತ್ತಿರವೂ ಇಲ್ಲ. ವರ್ಷಗಳ ಸ್ನೇಹ ಅಂತೀವಿ, ಆದರೆ ಅದು ಕೆರೆ ಗೇಟಿನ ಒಳಗಡೆ ಮಾತ್ರ. ಗಂಡಸರ ಸ್ನೇಹ ಜಾಸ್ತಿ ಹೀಗೇ ಅಂತ ನನ್ನ ಅನುಮಾನ. ಪಕ್ಕದಲ್ಲೇ ನಡೆಯುವ ಹೆಂಗಸರ ಗುಂಪಿನಲ್ಲಿ ಒಬ್ಬರು ಒಂದು ದಿನ ಬರದಿದ್ದರೂ ಮಧ್ಯಾಹ್ನದೊಳಗೆ ಯಾರಾದರೂ ಸಾರಿನ ಪಾತ್ರೆ ಹಿಡಿದು ಅವರ ಮನೆ ಬಾಗಿಲಲ್ಲಿರುತ್ತಾರೆ.

ಕೊನೆಗೆ ಸುದ್ದಿ ಸಿಕ್ಕಿದ್ದು ಹಾಲಿನ ಬೂತ್‌ನಿಂದ. ಗುಂಪಿನ ಒಬ್ಬರು, ನಮ್ಮಲ್ಲೆಲ್ಲ ಚಿಕ್ಕವರು, ಸರಸ್ವತಿಪುರಂನಲ್ಲಿ ಒಂದೊಂದೇ ನಂದಿನಿ ಬೂತ್‌ಗೆ ಹೋಗಿ ಮೇಷ್ಟ್ರ ಚಹರೆ ಹೇಳಿ ವಿಚಾರಿಸಿದರು. ಒಂದು ಕಡೆ ಬೂತಿನವನು, "ಗಣಿತದ ಮೇಷ್ಟ್ರಾ? ಸ್ವಲ್ಪ ದಿನ ಹಾಲು ಬೇಡ, ಬಂದು ಹೇಳ್ತೀನಿ ಅಂದವ್ರೆ ಸಾರ್. ಬ್ಯಾಗ್ ಹಿಡ್ಕೊಂಡು ಆಟೋ ಹತ್ತಿದ್ರು" ಅಂದ. ಅಷ್ಟು ಸಾಕಾಯ್ತು. ಹಾಲು ಬೇಡ ಅಂತ ಹೇಳಿ ಹೋದವರು ಯೋಚಿಸಿಯೇ ಹೋಗಿದ್ದಾರೆ, ವಾಪಸ್ ಬರುವ ಮನಸ್ಸಿನಲ್ಲೇ ಹೋಗಿದ್ದಾರೆ. ಒಂಟಿಯಾಗಿರುವ ಹಿರಿಯರ ವಿಷಯದಲ್ಲಿ ನಮಗಿಂತ ಮೊದಲು ಗೊತ್ತಾಗುವುದು ಹಾಲಿನವರಿಗೆ, ಪೇಪರ್ ಹುಡುಗನಿಗೆ, ಹೂವಿನವಳಿಗೆ. ಬಾಗಿಲಲ್ಲಿ ಎರಡು ದಿನದ ಪೇಪರ್ ಬಿದ್ದಿದ್ದರೆ ಅದು ವಾಟ್ಸಾಪ್ ಟಿಕ್‌ಗಿಂತ ದೊಡ್ಡ ಸುಳಿವು.

ಹಾಗೆ ಬಿದ್ದಿದ್ದರೆ ಏನು ಮಾಡಬೇಕಿತ್ತು? ನಮ್ಮ ಗುಂಪಿನ ಒಬ್ಬರು, "ಪೊಲೀಸ್ ಸ್ಟೇಷನ್‌ಗೆ ಹೋದ್ರೆ ಇಪ್ಪತ್ನಾಲ್ಕು ಗಂಟೆ ಆಗಿರಬೇಕು, ಮನೆಯವರೇ ಬರಬೇಕು" ಅಂತ ಬಲವಾಗಿ ಹೇಳಿದರು. ಎರಡೂ ಸರಿಯಲ್ಲ. ಇಷ್ಟು ಗಂಟೆ ಕಾಯಬೇಕು ಅನ್ನುವ ಕಾನೂನು ಇಲ್ಲ, ಸಿನಿಮಾ ನೋಡಿ ಕಲಿತಿದ್ದು ಅದು. ಸ್ನೇಹಿತರು, ಅಕ್ಕಪಕ್ಕದವರು ಯಾರು ಬೇಕಾದರೂ ತಿಳಿಸಬಹುದು. ಬಾಗಿಲು ಒಳಗಿನಿಂದ ಹಾಕಿದೆ, ಕೂಗಿದರೆ ಉತ್ತರ ಇಲ್ಲ ಅಂದರೆ 112ಕ್ಕೆ ಫೋನ್ ಮಾಡಬೇಕು, ಗ್ರೂಪಿನಲ್ಲಿ ಅಭಿಪ್ರಾಯ ಕೇಳಬಾರದು. ಹಿರಿಯರಿಗೆ ಬೇರೆ ಏನಾದರೂ ಸಹಾಯ ಬೇಕಿದ್ದರೆ 14567 ಅಂತ ಹೆಲ್ಪ್‌ಲೈನ್ ಇದೆ.

ಫೋಟೋ ವಿಷಯವನ್ನೂ ಹೇಳಿಬಿಡ್ತೀನಿ. ಬೂತಿನ ಸುದ್ದಿ ಬರುವ ಹಿಂದಿನ ದಿನ ಒಬ್ಬರು ಮೇಷ್ಟ್ರ ಫೋಟೋ ಹಾಕಿ "ಕಾಣೆಯಾಗಿದ್ದಾರೆ, ದಯವಿಟ್ಟು ಶೇರ್ ಮಾಡಿ" ಅಂತ ಸಿದ್ಧ ಮಾಡಿ ಇಟ್ಟುಕೊಂಡಿದ್ದರು. ಗುಂಪಿನ ಫೋಟೋದಿಂದ ಕತ್ತರಿಸಿದ್ದು, ಪಕ್ಕದವರ ಭುಜ ಕೂಡ ಅದರಲ್ಲಿತ್ತು. ಕಳಿಸಬೇಡಿ ಅಂತ ಜಗಳ ಮಾಡಿ ನಿಲ್ಲಿಸಬೇಕಾಯ್ತು. ಮರೆವಿನ ಕಾಯಿಲೆ ಇರುವವರು ದಾರಿ ತಪ್ಪಿದ್ದರೆ ಫೋಟೋ ಹಾಕಬೇಕು, ತಕ್ಷಣ ಹಾಕಬೇಕು, ಆದರೆ ಮನೆಯವರನ್ನು ಕೇಳಿ, ಸ್ಟೇಷನ್ನಿಗೆ ತಿಳಿಸಿ ಹಾಕಬೇಕು. ಇಲ್ಲದಿದ್ದರೆ ಮನುಷ್ಯ ಮನೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿರುತ್ತಾನೆ, ಅವನ ಫೋಟೋ ವರ್ಷಗಟ್ಟಲೆ ಬೀದರ್‌ನಿಂದ ಚಾಮರಾಜನಗರದವರೆಗೂ ಸುತ್ತುತ್ತಿರುತ್ತದೆ. ಸಿಕ್ಕಿದ್ದಾರೆ ಅನ್ನುವ ಮೆಸೇಜನ್ನು ಯಾರೂ ಅಷ್ಟು ಮುತುವರ್ಜಿಯಿಂದ ಫಾರ್ವರ್ಡ್ ಮಾಡಲ್ಲ.

ಮೇಷ್ಟ್ರು ಬಂದರು. ಒಂದು ದಿನ ಬೆಳಿಗ್ಗೆ ಎಂದಿನ ಹಾಗೆ ಗೇಟಿನ ಹತ್ತಿರ ನಿಂತಿದ್ದರು. ಸ್ವಲ್ಪ ಸೊರಗಿದ್ದರು, ಗಡ್ಡ ನೀಟಾಗಿ ತೆಗೆದಿದ್ದರು. "ಏನ್ರೀ, ಎಲ್ರೂ ಚೆನ್ನಾಗಿದೀರಾ?" ಅಂದರು. ಆಮೇಲೆ ಶುರುವಾಯ್ತು ವಿಚಾರಣೆ. ಎಲ್ಲಿ ಹೋಗಿದ್ರಿ ಸಾರ್? ಮಗನ ಮನೆಗಾ? ಆಸ್ಪತ್ರೆಗಾ? ಫೋನ್ ಯಾಕೆ ಎತ್ತಲಿಲ್ಲ? ನಮಗೆ ಒಂದು ಮಾತು ಹೇಳಬಾರದಾ? ಮೇಷ್ಟ್ರು, "ಸ್ವಲ್ಪ ಕೆಲಸ ಇತ್ತು" ಅಂದರು. ಎಂಥ ಕೆಲಸ? "ಇತ್ತು ಕಣ್ರೀ." ಅಷ್ಟೇ. ಮುಂದಕ್ಕೆ ನಡೆದರು. ಆಗಿನಿಂದ ಇವತ್ತಿನವರೆಗೂ ದಿನಾ ಯಾರಾದರೊಬ್ಬರು ಬೇರೆ ಬೇರೆ ದಾರಿಯಿಂದ ಅದೇ ಪ್ರಶ್ನೆ ತರುತ್ತಾರೆ. ಪುಣೆಯಲ್ಲಿ ಮಳೆ ಹೇಗಿತ್ತು ಸಾರ್ ಅಂತ. ಈಗ ಆಸ್ಪತ್ರೆ ಬಿಲ್ಲು ಎಷ್ಟು ಬರುತ್ತೆ ಗೊತ್ತಾ ಅಂತ. ಅವರು ಹೆಜ್ಜಾರ್ಲೆ ನೋಡುತ್ತಾ ನಿಂತುಬಿಡುತ್ತಾರೆ.

ಹೇಳದೇ ಇರೋಕೆ ಒಬ್ಬ ಮನುಷ್ಯನಿಗೆ ಎಷ್ಟೊಂದು ಕಾರಣ ಇರಬಹುದು. ಯಾವುದೋ ಟೆಸ್ಟ್ ಮಾಡಿಸಿರಬಹುದು, ರಿಪೋರ್ಟ್ ಬರುವವರೆಗೆ ಮಾತಾಡೋದು ಬೇಡ ಅನಿಸಿರಬಹುದು. ಮಗನ ಮನೆಯಲ್ಲಿ ಏನೋ ಒಡೆದಿರಬಹುದು. ಆಸ್ತಿ, ಸಾಲ, ಕೋರ್ಟು. ಇಲ್ಲಾ, ಹೆಂಡತಿ ಇಲ್ಲದ ಮನೆಯಲ್ಲಿ ಸಾಕಾಗಿ ಎಲ್ಲಾದರೂ ಒಂದು ಮಠದಲ್ಲಿ ನಾಲ್ಕು ದಿನ ಸುಮ್ನೆ ಕೂತು ಬರೋಣ ಅನಿಸಿರಬಹುದು. ಇದೂ ಕಥೆ ಕಟ್ಟೋದೇ ಅಲ್ವಾ ಅಂತ ಕೇಳಬೇಡಿ, ಇಲ್ಲಿಗೇ ನಿಲ್ಲಿಸ್ತೀನಿ. ಇದರಲ್ಲಿ ಯಾವುದನ್ನು ಹೇಳಿದರೂ ಮಾರನೇ ದಿನದಿಂದ ಸಲಹೆ ಸುರಿಯುತ್ತದೆ. ಕಷಾಯ, ಲಾಯರು, ಜ್ಯೋತಿಷಿ, ತೆಲಂಗಾಣದ ಯಾವುದೋ ನಾಟಿ ಔಷಧಿ. ನಮ್ಮ ಗುಂಪಿನಲ್ಲೇ ಹಿಂದೆ ಒಬ್ಬರು ಮಗಳ ಡೈವೋರ್ಸ್ ವಿಷಯ ಹೇಳಿಕೊಂಡಿದ್ದರು. ಕೆರೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಅದು ಮೂರು ಗುಂಪು ದಾಟಿತ್ತು. ಮೇಷ್ಟ್ರು ಅದನ್ನು ನೋಡಿದವರು.

ಪೊಲೀಸರ ವಿಷಯವನ್ನೇ ನೋಡಿ. ವಯಸ್ಸಿಗೆ ಬಂದ ವ್ಯಕ್ತಿ ತನ್ನಿಷ್ಟದಿಂದ ಮನೆ ಬಿಟ್ಟು ಹೋಗಿದ್ದಾನೆ ಅಂತ ಗೊತ್ತಾದರೆ ಅವರೂ ಬಲವಂತವಾಗಿ ಎಳೆದು ತರುವ ಹಾಗಿಲ್ಲ. ಕ್ಷೇಮವಾಗಿದ್ದಾನೆ ಅಂತ ಖಚಿತ ಮಾಡಿಕೊಂಡರೆ ಅವರ ಕೆಲಸ ಬಹುಮಟ್ಟಿಗೆ ಮುಗೀತು. ನಮಗೆ ಮಾತ್ರ ಮುಗಿಯಲ್ಲ.

ಇದನ್ನು ಗುಂಪಿನಲ್ಲಿ ಹೇಳಿದ್ದಕ್ಕೆ ಒಬ್ಬರಿಗೆ ಬೇಜಾರಾಯ್ತು. "ಹಾಗಾದ್ರೆ ಸ್ನೇಹ ಅಂದ್ರೇನ್ರೀ? ಏನೂ ಕೇಳಬಾರದಾ? ನಾವು ನಿದ್ದೆಗೆಟ್ಟಿಲ್ವಾ?" ಅಂದರು. ಮಾತಿನಲ್ಲಿ ನ್ಯಾಯ ಇದೆ. ನಿದ್ದೆಗೆಟ್ಟವರಿಗೆ ಒಂದು ಸಾಲು ಸಿಗಬೇಕಿತ್ತು, "ಚೆನ್ನಾಗಿದೀನಿ, ಸ್ವಲ್ಪ ದಿನ ಬರಲ್ಲ" ಅಂತ. ಮೇಷ್ಟ್ರು ಅಷ್ಟು ಮಾಡಿದ್ದರೆ ಚೆನ್ನಾಗಿತ್ತು, ಇದನ್ನು ಅವರಿಗೇ ನೇರವಾಗಿ ಹೇಳಿದೀನಿ, ಅವರು ತಲೆ ಆಡಿಸಿದರು. ಆದರೆ ಆ ಸಾಲು ಬರೆಯುವಷ್ಟೂ ಶಕ್ತಿ ಇಲ್ಲದ ದಿನಗಳು ಮನುಷ್ಯನಿಗೆ ಬರುತ್ತವೆ. ಅಂಥ ದಿನಗಳಲ್ಲಿ ಗುರುತಿನವರ ಹತ್ತಿರ ಹೇಳೋದಕ್ಕಿಂತ ಗುರುತಿಲ್ಲದವರ ಹತ್ತಿರ ಹೇಳೋದು ಸುಲಭ ಅನಿಸಿದರೆ 14416 ಅಂತ ಟೆಲಿ ಮಾನಸ್ ಇದೆ, ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಸರ್ಕಾರದ ಹೆಲ್ಪ್‌ಲೈನ್, ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಅದರ ಹಿಂದೆ ಇದೆ. ಇದು ಮೇಷ್ಟ್ರಿಗಲ್ಲ, ಓದುತ್ತಿರುವ ಯಾರಿಗಾದರೂ ಬೇಕಾಗಬಹುದು ಅಂತ.

ಈಗ ಒಂದು ಪಟ್ಟಿ ಮಾಡ್ತಿದೀವಿ, ನೋಟ್ ಪುಸ್ತಕದಲ್ಲಿ, ವಾಟ್ಸಾಪಿನಲ್ಲಲ್ಲ. ಹೆಸರು, ಮನೆ ವಿಳಾಸ, ಮನೆಯವರಲ್ಲಿ ಒಬ್ಬರ ನಂಬರ್, ಪಕ್ಕದ ಮನೆಯವರ ನಂಬರ್. ಮೂರು ದಿನ ಸುದ್ದಿ ಇಲ್ಲದೆ ಬರದಿದ್ದರೆ ಒಬ್ಬರು ಹೋಗಿ ಬಾಗಿಲು ತಟ್ಟಬೇಕು, ಕ್ಷೇಮವಾ ಅಂತ ಕೇಳಬೇಕು, ಕಾಫಿ ಕೊಟ್ಟರೆ ಕುಡಿದು ಬರಬೇಕು. ಒಂಟಿಯಾಗಿರುವವರಾದರೆ ಮೂರು ದಿನವೂ ಬೇಡ, ಮೊದಲ ದಿನವೇ ಹೋಗಬೇಕು. ಗ್ರೂಪಿಗೆ ಬಂದು "ಚೆನ್ನಾಗಿದ್ದಾರೆ" ಅಂತ ಮಾತ್ರ ಹಾಕಬೇಕು, ಅದರ ಮುಂದೆ ಒಂದು ಅಕ್ಷರವೂ ಇಲ್ಲ. ಅರ್ಧದಷ್ಟು ಜನ ಬರೆದುಕೊಟ್ಟಿದ್ದಾರೆ. ಬ್ಯಾಂಕಿನವರು ಪಕ್ಕದ ಮನೆಯವರ ಜೊತೆ ಪಾರ್ಕಿಂಗ್ ಜಗಳ ಇದೆ, ಅವರ ನಂಬರ್ ಕೇಳಲ್ಲ ಅಂತ ಹಟ ಹಿಡಿದಿದ್ದಾರೆ. ಮೇಷ್ಟ್ರು ಮಗನ ನಂಬರ್ ಬರೆದಿದ್ದಾರೆ, ವಿಳಾಸವನ್ನೂ ಬರೆದಿದ್ದಾರೆ. ಐದೂ ಅಲ್ಲ, ಏಳೂ ಅಲ್ಲ, ಒಂಬತ್ತನೇ ಮೇನ್.