ಅಧ್ಯಯನ ಪ್ರವಾಸದ ಫಲಶ್ರುತಿ

ವಿಜಯಪುರ ಜಿಲ್ಲೆಯ ಪುರಸಭೆಯೊಂದರ ಸದಸ್ಯರು ಕುಡಿಯುವ ನೀರು ಹಾಗೂ ಘನತ್ಯಾಜ್ಯ ನಿರ್ವಹಣೆಯ ಅಧ್ಯಯನಕ್ಕೆಂದು ಗೋಕರ್ಣಕ್ಕೆ ಹೋಗಿ ಬಂದಿದ್ದಾರೆ. ಊರಿನ ಹೆಸರು ಬೇಡ. ಓದುಗರು ತಮ್ಮದೇ ಊರೆಂದುಕೊಂಡರೆ ಹೆಚ್ಚಿನ ತಪ್ಪೇನೂ ಆಗದು. ವಾರಕ್ಕೊಮ್ಮೆ ನಳದಲ್ಲಿ ನೀರು ಕಾಣುವ ಜನರ ಪ್ರತಿನಿಧಿಗಳು ನೀರಿನ ಸ್ವರೂಪವನ್ನು ಅರಿಯಲು ಅರಬ್ಬಿ ಸಮುದ್ರದವರೆಗೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಸ್ಥಳದ ಆಯ್ಕೆಯನ್ನಂತೂ ಮೆಚ್ಚಲೇಬೇಕು. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ, ಪಶ್ಚಿಮಕ್ಕೆ ಕಡಲು ಇರುವ ಆ ಪರ್ಯಾಯ ದ್ವೀಪದಂತಹ ನೆಲದಲ್ಲಿ ಯಾವ ಕಡೆ ಮುಖ ಮಾಡಿ ನಿಂತರೂ ಅದು ಅಧ್ಯಯನವೇ ಆಗುತ್ತದೆ. ಕುಡ್ಲೆ ಬೀಚಿನಿಂದ ಗುಡ್ಡ ಹತ್ತಿಳಿದರೆ ಓಂ ಬೀಚ್. ಅಲ್ಲಿಂದ ಮುಂದೆ ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಕಾಡಿನ ಕಾಲುದಾರಿ ಹಿಡಿಯಬೇಕು, ಇಲ್ಲವೇ ದೋಣಿ ಏರಬೇಕು. ತಮ್ಮ ವಾರ್ಡಿನ ಗಟಾರ ನೋಡಲು ಎಂದೂ ಕಾರಿನಿಂದ ಇಳಿಯದ ಹಿರಿಯ ಸದಸ್ಯರೊಬ್ಬರು ಬೂಟುಗಳನ್ನು ಕೈಯಲ್ಲಿ ಹಿಡಿದು, ಪ್ಯಾಂಟು ಮೊಣಕಾಲಿಗೇರಿಸಿ, ಬಂಡೆಯ ಮೇಲೆ ಕುಳಿತು ತೆಗೆಸಿಕೊಂಡ ಫೋಟೊ ವರದಿಗೆ ಲಗತ್ತಾಗಿದೆ. ಘನತ್ಯಾಜ್ಯದ ಅಧ್ಯಯನವೂ ಆ ಕಾಡುದಾರಿಯಲ್ಲೇ ಮುಗಿಯಿತು. ಚಿಪ್ಸ್ ಪಾಕೀಟು, ನೀರಿನ ಬಾಟಲಿಗಳನ್ನು ತಂಡವೇ ದಾರಿಯುದ್ದಕ್ಕೂ ಒದಗಿಸಿದ್ದರಿಂದ ಮಾದರಿಗಳಿಗೆ ಪರದಾಡಬೇಕಾಗಲಿಲ್ಲ.

ಅಣೆಕಟ್ಟೆಯಿಲ್ಲದೆ ಹರಿದು ಕಡಲು ಸೇರುವ ಅಘನಾಶಿನಿಯ ದಡದಲ್ಲಿ ನಿಂತ ಉಪಸಮಿತಿಯು ‘ಇಲ್ಲಿ ನೀರು ವ್ಯರ್ಥವಾಗುತ್ತಿದೆ’ ಎಂದು ದಾಖಲಿಸಿದೆ. ಆಲಮಟ್ಟಿ ಜಲಾಶಯವಿರುವ ಜಿಲ್ಲೆಯಲ್ಲೇ ಇದ್ದು ಟ್ಯಾಂಕರಿಗೆ ಕಾಯುವವರಿಗೆ ಇಷ್ಟು ಹೇಳುವ ಹಕ್ಕಿದೆಯೆಂದು ನಾನಂತೂ ಒಪ್ಪುತ್ತೇನೆ.

ಆದಿಲ್‌ಶಾಹಿ ಕಾಲದಲ್ಲಿ ತೊರವಿಯಿಂದಲೂ ಬೇಗಂ ತಾಲಾಬಿನಿಂದಲೂ ನೆಲದಡಿಯ ಕಾಲುವೆಗಳ ಮೂಲಕ ವಿಜಯಪುರಕ್ಕೆ ನೀರು ಹರಿಯುತ್ತಿತ್ತು. ಅದರ ಒತ್ತಡ ತಗ್ಗಿಸಲು ಕಟ್ಟಿದ ಗಂಜ್ ಗೋಪುರಗಳನ್ನೂ 1620ರ ತಾಜ್ ಬಾವಡಿಯೆಂಬ ದೊಡ್ಡ ಬಾವಿಯನ್ನೂ ಇಂದಿಗೂ ನೋಡಬಹುದು. ಆದರೆ ಇವೆಲ್ಲ ಜಿಲ್ಲೆಯೊಳಗೇ ಇರುವುದರಿಂದ ರಾತ್ರಿ ವಾಸ್ತವ್ಯದ ಭತ್ಯೆ ಹುಟ್ಟುವುದಿಲ್ಲ. ಭತ್ಯೆ ಹುಟ್ಟದ ಕಡೆ ಅಧ್ಯಯನವೂ ಹುಟ್ಟುವುದಿಲ್ಲ.

ವರದಿಯ ಮುಖ್ಯ ಶಿಫಾರಸು ಇಷ್ಟೇ: ಊರ ಕೆರೆಯ ದಂಡೆಗೆ ಮರಳು ಸುರಿಸಿ ಬೀಚ್ ನಿರ್ಮಿಸಬೇಕು. ಕೆರೆಯಲ್ಲಿ ನೀರೇ ಇಲ್ಲವಲ್ಲ ಎಂದು, ಬಸ್ಸಿನಲ್ಲಿ ಸೀಟು ಸಿಗದೆ ಉಳಿದಿದ್ದ ಸದಸ್ಯರೊಬ್ಬರು ಸಾಮಾನ್ಯ ಸಭೆಯಲ್ಲಿ ಆಕ್ಷೇಪಿಸಿದರು. ನೀರಿನ ವಿಷಯವನ್ನು ಮುಂದಿನ ಸಭೆಗೆ ಇರಿಸಿ ಮರಳಿನ ಟೆಂಡರನ್ನು ಕೂಡಲೇ ಕರೆಯುವುದೆಂದು ಅಧ್ಯಕ್ಷರು ರೂಲಿಂಗ್ ಕೊಟ್ಟರು. ಆ ಬಳಿಕ ಮರಳು ಯಾರ ಟಿಪ್ಪರುಗಳಲ್ಲಿ ಬರಬೇಕೆಂಬ ಕುರಿತು, ಪಕ್ಷಭೇದವಿಲ್ಲದೆ, ಸಂಜೆಯವರೆಗೆ ಚರ್ಚೆ ನಡೆಯಿತು.