ಆ ಮಾತು ಟೋಕ್ವಿಲ್‌ನದಲ್ಲ

ಚುನಾವಣೆ ಬಂದಾಗಲೆಲ್ಲ ಒಂದು ಮಾತು ಓಡಾಡುತ್ತದೆ: ‘ಪ್ರಜಾಪ್ರಭುತ್ವದಲ್ಲಿ ಜನರಿಗೆ ತಕ್ಕ ಸರ್ಕಾರವೇ ಸಿಗುತ್ತದೆ.’ ಕೆಳಗೆ ಫ್ರೆಂಚ್ ಇತಿಹಾಸಕಾರ ಅಲೆಕ್ಸಿಸ್ ದ ಟೋಕ್ವಿಲ್ ಹೆಸರು. ಇದು ತಪ್ಪು.

ಈ ಮಾತಿನ ಮೂಲ ಜೋಸೆಫ್ ದ ಮೇಸ್ತ್ರ 1811ರಲ್ಲಿ ರಷ್ಯಾದಿಂದ ಬರೆದ ಪತ್ರ. ಆತ ಅಲ್ಲಿ ಸಾರ್ಡಿನಿಯಾ ದೊರೆಯ ರಾಯಭಾರಿ, ರಾಜರ ಆಳ್ವಿಕೆಯ ಕಟ್ಟಾ ಬೆಂಬಲಿಗ. ‘ಪ್ರತಿ ದೇಶಕ್ಕೂ ಅದಕ್ಕೆ ತಕ್ಕ ಸರ್ಕಾರವೇ ಇರುತ್ತದೆ’ ಎಂದಷ್ಟೇ ಬರೆದಿದ್ದ. ‘ಪ್ರಜಾಪ್ರಭುತ್ವ’ ಆಮೇಲೆ ಯಾರೋ ಸೇರಿಸಿದ್ದು. 1805ರಲ್ಲಿ ಹುಟ್ಟಿದ ಟೋಕ್ವಿಲ್ ಆಗಿನ್ನೂ ಪುಟ್ಟ ಹುಡುಗ.

ಟೋಕ್ವಿಲ್ ನಿಜವಾಗಿ ಹೇಳಿದ್ದಕ್ಕೆ ಇದಕ್ಕಿಂತ ಜಾಸ್ತಿ ತೂಕವಿದೆ. ಫ್ರೆಂಚ್ ಕ್ರಾಂತಿಯ ಬಗ್ಗೆ 1856ರಲ್ಲಿ ಪುಸ್ತಕ ತರುವ ಮೊದಲು ಆತ ಹಳೇ ಸರ್ಕಾರಿ ಕಡತಗಳನ್ನೆಲ್ಲ ಜಾಲಾಡಿದ್ದ. ಅಧಿಕಾರವೆಲ್ಲ ಪ್ಯಾರಿಸ್‌ನಲ್ಲಿ ಸೇರಿಕೊಂಡಿದ್ದು ಕ್ರಾಂತಿಯಿಂದಲ್ಲ, ರಾಜರ ಕಾಲದಲ್ಲೇ ಅದು ಶುರುವಾಗಿತ್ತು ಎಂದು ತೋರಿಸಿದ. ಕೆಟ್ಟ ಸರ್ಕಾರಕ್ಕೆ ಅತಿ ದೊಡ್ಡ ಅಪಾಯ ಬರುವುದು ಅದು ಸುಧಾರಿಸಲು ಹೊರಟಾಗ ಎಂದೂ ಬರೆದ. ಎಂಥ ಒಳನೋಟ ಅಲ್ವಾ? ಕ್ರಾಂತಿಗಳ ಬಗ್ಗೆ ಬರೆಯುವವರು ಇವತ್ತಿಗೂ ಈ ಮಾತಿನ ಜೊತೆ ವಾದ ಮಾಡುತ್ತಾರೆ. ಟೋಕ್ವಿಲ್ ಹೆಸರಲ್ಲಿ ಹಂಚುವುದಾದರೆ ದಯವಿಟ್ಟು ಇದನ್ನು ಹಂಚಿ.